ಡಾಲ್ಫಿನ್ ಗ್ಯಾರಂಟಿ ಕೊಟ್ಟ ದೋಣಿ ಯಜಮಾನರಿಗೆ

ಕಡಲ ತೀರದಲ್ಲಿ ಡಾಲ್ಫಿನ್ ತೋರಿಸುವ ದೋಣಿಗಳ ಯಜಮಾನರ ಸನ್ನಿಧಿಗೆ,

ಹರಿಹರ ತಾಲೂಕಿನ ನಂದಿಗುಡಿಯಿಂದ ಭತ್ತ ಬೆಳೆಯುವ ಒಬ್ಬ ರೈತ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾವೆಲ್ಲ ಕ್ಷೇಮ. ತಾವು, ತಮ್ಮ ಮನೆಮಂದಿ, ತಮ್ಮ ದೋಣಿಗಳು ಕ್ಷೇಮವಾಗಿರಲಿ ಎಂದು ಹಾರೈಸುತ್ತೇನೆ. ತಮ್ಮ ತೀರದ ಡಾಲ್ಫಿನ್‌ಗಳ ಕ್ಷೇಮವನ್ನೂ ಕೇಳಬೇಕಾಗಿದೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ಹೋದ ಜನವರಿಯಲ್ಲಿ ಬುತ್ತಿ ಕಟ್ಟಿಕೊಂಡು ತಮ್ಮ ದೋಣಿ ಹತ್ತಿದ ಏಳು ಜನರ ಕುಟುಂಬ ನಮ್ಮದು. ಅವ್ವ, ನಾನು, ಮನೆಯವಳು, ಐದನೇ ಕ್ಲಾಸಿನ ಮಗಳು, ಮೂರು ವರ್ಷದ ಮಗ, ತಮ್ಮ ಮತ್ತು ಅವನ ಹೆಂಡತಿ. ದಿನಕ್ಕೆ ನೂರಾರು ಮುಖ ನೋಡುವ ತಮಗೆ ನಮ್ಮ ನೆನಪು ಇರಲಿಕ್ಕಿಲ್ಲ. ನಮಗೆ ಮಾತ್ರ ಆ ಬೆಳಗು ಮರೆತಿಲ್ಲ. ಬರುವ ಜನವರಿಗೂ ಕಡಲಿಗೆ ಹೋಗೋಣವೆಂದು ಮನೆಯಲ್ಲಿ ಮಾತು ಶುರುವಾಗಿದೆ. ಮುಂಗಡ ಹಣ ಕಳಿಸುವ ಮೊದಲು ಹಿಂದಿನ ಸಲದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ಧರ್ಮ ಎನಿಸಿತು.

ಮೊದಲ ಉಪಕಾರ, ಫೋನಿನಲ್ಲಿ ಕೊಟ್ಟ ಮಾತು. ನಮ್ಮ ಕಡೆ ಪ್ರವಾಸದ ದಿನ ಗೊತ್ತುಮಾಡುವುದು ಭದ್ರಾ ನಾಲೆ. ಮಳೆಗಾಲದ ಭತ್ತ ಕೊಯ್ದು ಒಕ್ಕಣೆ ಮುಗಿದ ಮೇಲೆ, ಬೇಸಿಗೆ ನಾಟಿಗೆ ನಾಲೆಯಲ್ಲಿ ನೀರು ಬರುವ ಮೊದಲು ನಮಗೆ ಬಿಡುವು ಸಿಗುವುದು ಒಂದೆರಡು ವಾರ. ಅಷ್ಟರಲ್ಲೇ ಹೋಗಿ ಬರಬೇಕು. ಅರವತ್ತೆಂಟು ವರ್ಷದ ಅವ್ವ ಅದುವರೆಗೆ ಕಡಲು ಕಂಡವಳಲ್ಲ. ನಮ್ಮ ತುಂಗೆ, ಭದ್ರೆ ಎರಡೂ ಹುಟ್ಟುವ ಗಂಗಾಮೂಲ ಪಶ್ಚಿಮದ ಕಡಲಿಗೇ ಹತ್ತಿರ. ಆದರೂ ಎರಡೂ ಮೂಡಣಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ನಮ್ಮೂರ ಹೊಲಗಳ ಮಗ್ಗುಲಲ್ಲಿ ಹರಿದು, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನಮ್ಮ ಹೊಳೆಯೂ ಕಾಣದ ಆ ಕಡಲನ್ನು ಅವ್ವನಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಡಾಲ್ಫಿನ್ ಕಾಣುತ್ತದೆಯೇ ಎಂದು ಕೇಳಿದಾಗ ತಾವು "ನೂರಕ್ಕೆ ನೂರು ಗ್ಯಾರಂಟಿ, ಕಾಣದಿದ್ದರೆ ದುಡ್ಡು ವಾಪಸ್" ಎಂದಿರಿ. ಆ ಮಾತಿಗೆ ಮನೆಯೆಲ್ಲ ಹಿಗ್ಗಿತು. ಆದರೆ ಸ್ವಾಮಿ, ಕಾಡುಪ್ರಾಣಿ ಯಾರ ಮಾತಿಗೂ ಕಟ್ಟುಬಿದ್ದು ಬರುವುದಿಲ್ಲ. ಬರುತ್ತದೆಂದು ಮಾತು ಕೊಟ್ಟವರು ಅದನ್ನು ಹೇಗಾದರೂ ತಂದು ನಿಲ್ಲಿಸಲೇಬೇಕಾಗುತ್ತದೆ. ಮುಂದೆ ಆದ ತಪ್ಪುಗಳೆಲ್ಲ ಆ ಒಂದು ಮಾತಿನಿಂದಲೇ ಹುಟ್ಟಿದವು ಎಂದು ನನ್ನ ತಿಳಿವಳಿಕೆ.

ಎರಡನೆಯ ಉಪಕಾರ, ಮಾತು ಉಳಿಸಿಕೊಳ್ಳಲು ತಾವು ಪಟ್ಟ ಪಾಡು. ಕಡಲು ಆವತ್ತು ಎಣ್ಣೆ ಸುರಿದಂತೆ ಶಾಂತವಾಗಿತ್ತು. ದಂಡೆಯಿಂದ ಹೆಚ್ಚು ದೂರವೂ ಹೋಗಿರಲಿಲ್ಲ, ಬೂದು ಬಣ್ಣದ ಬೆನ್ನೊಂದು ನೀರಿನ ಮೇಲೆ ಬಾಗಿ ಮುಳುಗಿತು. ಮಗಳು ಉಸಿರು ಬಿಗಿಹಿಡಿದಳು. ಆ ಕ್ಷಣ ಕಾಣಿಸಿದ್ದಕ್ಕೆ ನಾನು ತಮಗೆ ಋಣಿ. ಅಷ್ಟಕ್ಕೇ ಎಂಜಿನ್ ನಿಲ್ಲಿಸಿದ್ದರೆ ಈ ಪತ್ರದ ತುಂಬ ಬರೀ ಕೃತಜ್ಞತೆಯೇ ಇರುತ್ತಿತ್ತು. ಆದರೆ ತಾವು ಫೋನಿನಲ್ಲಿ ಉಳಿದ ದೋಣಿಯವರನ್ನು ಕೂಗಿ ಕರೆದಿರಿ. ಐದು ನಿಮಿಷದಲ್ಲಿ ಆರು ದೋಣಿ ಸುತ್ತ ನಿಂತವು. ಬೆನ್ನು ಎಡಕ್ಕೆ ಎದ್ದರೆ ಎಲ್ಲ ದೋಣಿಗಳೂ ಎಡಕ್ಕೆ, ಬಲಕ್ಕೆ ಎದ್ದರೆ ಎಲ್ಲವೂ ಬಲಕ್ಕೆ. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಗಾಳಿ ಉಸಿರಾಡುವ ಪ್ರಾಣಿ. ಅದು ಮೇಲೆ ಬಂದದ್ದು ನಮಗೆ ದರ್ಶನ ಕೊಡಲು ಅಲ್ಲ, ಉಸಿರಿಗಾಗಿ. ನೀರಿನಡಿಯಲ್ಲಿ ಅದು ದಾರಿ ಹುಡುಕುವುದು, ಮೀನು ಹಿಡಿಯುವುದು, ಮರಿಯನ್ನು ಕರೆಯುವುದು ಎಲ್ಲವೂ ಸದ್ದಿನಿಂದಲೇ. ಆರು ಎಂಜಿನ್‌ಗಳ ಗದ್ದಲದಲ್ಲಿ ಅದಕ್ಕೆ ಏನು ಕೇಳಿಸಿರಬೇಕು ಎಂದು ತಾವು ಒಮ್ಮೆ ಯೋಚಿಸಬೇಕಾಗಿ ಬೇಡುತ್ತೇನೆ.

ಆಗಲೇ ಅವ್ವ ನೋಡಿದ್ದು, ದೊಡ್ಡ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ಬೆನ್ನು. ಹಟ್ಟಿ ತುಂಬ ದನ ಸಾಕಿದ ಕಣ್ಣು ಅವಳದು. "ಮರಿ ಐತಿ ಅದ್ರ ಜೋಡಿ, ಬಿಟ್ಟುಬಿಡ್ರಪ್ಪ. ಕರು ಹಾಕಿದ ಆಕಳನ್ನ ಯಾರಾದ್ರೂ ಹಿಂಗ ಅಟ್ಟಾಡಿಸ್ತಾರೇನು?" ಎಂದಳು. ತಾವು ನಗುತ್ತಾ "ಅಜ್ಜಿ, ಅದಕ್ಕೆ ಅಭ್ಯಾಸ ಆಗಿದೆ" ಎಂದಿರಿ. ನಗುಮುಖದಿಂದ ಉತ್ತರ ಕೊಟ್ಟದ್ದಕ್ಕೆ ವಂದನೆಗಳು. ಉತ್ತರವನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಕರಾವಳಿಯ ಗೂನು ಬೆನ್ನಿನ ಡಾಲ್ಫಿನ್ ಸುಮಾರು ಒಂದು ವರ್ಷ ಹೊಟ್ಟೆಯಲ್ಲಿ ಹೊತ್ತು ಒಂದೇ ಮರಿ ಹಾಕುತ್ತದೆ. ಆ ಮರಿ ದೊಡ್ಡದಾಗುವವರೆಗೆ ಇನ್ನೊಂದಿಲ್ಲ. ಅದು ಆಳ ಕಡಲಿಗೆ ಹೋಗುವ ಜಾತಿಯೂ ಅಲ್ಲ. ದಂಡೆಗೆ ಹತ್ತಿರದ ಆಳವಿಲ್ಲದ ನೀರೇ ಅದರ ಮನೆ. ದೋಣಿಗಳು ಬಂದವೆಂದು ಬಿಟ್ಟು ಹೋಗಲು ಅದಕ್ಕೆ ಬೇರೆ ಮನೆಯಿಲ್ಲ. ಆದ್ದರಿಂದಲೇ ತಮಗೆ ಅದು ಅಭ್ಯಾಸವಾದಂತೆ ಕಾಣುತ್ತದೆ.

ಮೂರನೆಯದಾಗಿ, ತಾವು ಕಾನೂನು ಬಲ್ಲವರೆಂದು ತಿಳಿದು ಒಂದು ಮಾತು ನೆನಪಿಸುತ್ತೇನೆ. ಈ ಡಾಲ್ಫಿನ್ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕಾಡಿನ ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಆ ಕಾಯ್ದೆ ಬೇಟೆ ಎಂಬ ಮಾತಿಗೆ ಕೊಟ್ಟಿರುವ ಅರ್ಥ ದೊಡ್ಡದು. ಕೊಲ್ಲುವುದರ ಜೊತೆಗೆ ಪ್ರಾಣಿಯನ್ನು ಅಟ್ಟುವುದೂ ಅದರೊಳಗೆ ಬರುತ್ತದೆ. ತಾವು ಬೇಟೆಗಾರರೆಂದು ನಾನು ಹೇಳುತ್ತಿಲ್ಲ. ಆವತ್ತು ಆ ಆರು ದೋಣಿಗಳು ಮಾಡಿದ ಕೆಲಸಕ್ಕೆ ಏನು ಹೆಸರಿಡಬೇಕೆಂದು ತಾವೇ ಹೇಳಿ. 2013ರಲ್ಲಿ ಕೇಂದ್ರ ಸರ್ಕಾರ, ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಹಾಕಿ ಆಟವಾಡಿಸುವ ಪ್ರದರ್ಶನಗಳಿಗೆ ಈ ದೇಶದಲ್ಲಿ ಅವಕಾಶವಿಲ್ಲ ಎಂದಿತು. ಗೋಡೆ ಕಟ್ಟಿ ಕೂಡಿಹಾಕುವುದು ತಪ್ಪಾದರೆ ದೋಣಿಗಳಿಂದಲೇ ಗೋಡೆ ಕಟ್ಟುವುದೂ ತಪ್ಪೇ.

ನಾಲ್ಕನೆಯ ಉಪಕಾರ ನಮ್ಮ ಜೀವಕ್ಕೆ ಸಂಬಂಧಿಸಿದ್ದು. ತಾವು ಲೈಫ್ ಜಾಕೆಟ್ ಕೊಟ್ಟಿರಿ, ಮರೆತಿಲ್ಲ. ಏಳು ಜನಕ್ಕೆ ಐದು. ಎರಡಕ್ಕೆ ಬಕಲ್ ಇರಲಿಲ್ಲ. ಮೂರು ವರ್ಷದ ಮಗನ ಅಳತೆಯದು ಒಂದೂ ಇರಲಿಲ್ಲ. "ಫೋಟೋ ಚೆನ್ನಾಗಿ ಬರುತ್ತೆ, ಬಿಚ್ಚಿಡಿ" ಎಂಬ ಸಲಹೆಯೂ ಬಂತು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿದ್ದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಹಲವರು ಮನೆಗೆ ಮರಳಲಿಲ್ಲ. ನಮ್ಮ ಹೊಳೆಯಾಚೆಯ ಹಾವೇರಿ ಜಿಲ್ಲೆಯವರೂ ಅದರಲ್ಲಿದ್ದರು. ನಾವು ಬಯಲುಸೀಮೆಯವರು. ನಾಲೆಯಲ್ಲಿ ಈಜಿ ಗೊತ್ತೇ ಹೊರತು ಅಲೆಯ ಮರ್ಮ ಗೊತ್ತಿಲ್ಲ. ಕಡಲ ಮೇಲೆ ನಮಗೆ ತಾಯಿಯೂ ತಂದೆಯೂ ತಾವೇ. ಆ ಜಾಗದಲ್ಲಿ ನಿಂತವರು ಬಕಲ್ ಸರಿಯಿದೆಯೇ ಎಂದು ನೋಡಿ ದೋಣಿ ಬಿಡಬೇಕು.

ಐದನೆಯ ಉಪಕಾರವನ್ನು ತಾವು ನಾವು ಕೇಳದೆಯೇ ಮಾಡಿದಿರಿ. ಆ ರಾತ್ರಿ ಊಟವಾದ ಮೇಲೆ ತಮ್ಮ ಹುಡುಗನೊಬ್ಬ ನಾವು ತಂಗಿದ್ದ ಕೋಣೆಯ ಬಾಗಿಲು ಬಡಿದು, ಆಮೆ ಮರಿ ಹೊರಬಂದಿವೆ, ಮಕ್ಕಳನ್ನು ಕರೆತನ್ನಿ ಎಂದ. ಓಡಿದೆವು. ಮರಳಿನ ಮೇಲೆ ಹತ್ತಾರು ಟಾರ್ಚ್, ಮೊಬೈಲ್ ಬೆಳಕು. ಅಂಗೈಗಿಂತ ಚಿಕ್ಕ ಮರಿಯೊಂದನ್ನು ಅವನು ನನ್ನ ಮಗಳ ಕೈಗಿಟ್ಟು ಫೋಟೋ ತೆಗೆದ. ಅವಳ ಸಂತೋಷಕ್ಕೆ ಕಾರಣವಾದದ್ದಕ್ಕೆ ಅವನಿಗೆ ನಮಸ್ಕಾರ. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಕರಾವಳಿಯ ಮರಳಿಗೆ ಬಂದು ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬಂದು ಬೆಳಕಿದ್ದ ಕಡೆ ತೆವಳುತ್ತವೆ. ಕತ್ತಲಲ್ಲಿ ಕಡಲ ಮೇಲಿನ ಆಕಾಶವೇ ಹೆಚ್ಚು ಬೆಳಗುತ್ತಿರುತ್ತದೆ, ಅದೇ ಅವುಗಳಿಗೆ ದಾರಿ. ನಾವು ಬೆಳಕು ಹಿಡಿದರೆ ಅವು ಕಡಲು ಬಿಟ್ಟು ರಸ್ತೆಯ ಕಡೆ ತಿರುಗುತ್ತವೆ. ಆ ರಾತ್ರಿ ಎಷ್ಟು ತಿರುಗಿದವೋ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಮೀನುಗಾರರೇ ಅರಣ್ಯ ಇಲಾಖೆಯ ಜೊತೆಗೂಡಿ ಇಂಥ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಅವರೂ ತಮ್ಮ ಹಾಗೆಯೇ ಕಡಲನ್ನು ನಂಬಿದವರು. ಮಗಳು ಈಗ ಆ ಫೋಟೋವನ್ನು ಯಾರಿಗೂ ತೋರಿಸುವುದಿಲ್ಲ. ಶಾಲೆಯಲ್ಲಿ ಆಮೆಯ ಪಾಠ ಕೇಳಿ ಬಂದ ದಿನ ನನ್ನನ್ನು ಕೇಳಿದಳು, "ಅಪ್ಪಾಜಿ, ನಾ ಹಿಡ್ಕೊಂಡಿದ್ದ ಮರಿ ನೀರಿಗೆ ಹೋತಾ?" ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮಲ್ಲಿದ್ದರೆ ದಯವಿಟ್ಟು ಬರೆದು ತಿಳಿಸಿ.

ತಪ್ಪೆಲ್ಲ ತಮ್ಮದೆಂದು ಹೇಳಿದರೆ ನಾನು ನ್ಯಾಯಸ್ಥನಲ್ಲ. "ಇನ್ನೂ ಹತ್ತಿರ, ಇನ್ನೂ ಹತ್ತಿರ" ಎಂದು ಕೂಗಿದವರು ದೋಣಿಯಲ್ಲಿ ಕೂತ ನಾವು. ಕೊಟ್ಟ ದುಡ್ಡಿಗೆ ಕಾಣಲೇಬೇಕು ಎಂದು ಪಟ್ಟು ಹಿಡಿದವರೂ ನಾವೇ. ಮಂಡಕ್ಕಿ ತಿಂದ ಪ್ಲಾಸ್ಟಿಕ್ ಚೀಲ ಗಾಳಿಗೆ ಹಾರಿ ನೀರಿಗೆ ಬಿದ್ದಾಗ ನಮ್ಮಲ್ಲಿ ಒಬ್ಬರೂ ಕೈ ಚಾಚಲಿಲ್ಲ. ತಮ್ಮ ಕಷ್ಟವೂ ನನಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಮಳೆಗಾಲದ ಅಬ್ಬರದಲ್ಲಿ ಪ್ರವಾಸಿಗರೂ ಇಲ್ಲ. ವರ್ಷದ ಅನ್ನವನ್ನು ಕೆಲವೇ ತಿಂಗಳಲ್ಲಿ ದುಡಿದುಕೊಳ್ಳಬೇಕು, ಡೀಸೆಲ್ಲಿಗೂ ಸಾಲಕ್ಕೂ ಹೊಂದಿಸಬೇಕು. ನಾಲೆಗೆ ನೀರು ಬಾರದ ವರ್ಷ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಹೇಳುತ್ತೇನೆ, ಬಿತ್ತನೆಯ ಬೀಜವನ್ನು ಬೇಯಿಸಿ ಉಂಡ ಮನೆ ಮರುವರ್ಷ ಏಳುವುದಿಲ್ಲ. ಆ ತಾಯಿ ಮತ್ತು ಮರಿಯೇ ತಮ್ಮ ಬಿತ್ತನೆ ಬೀಜ.

ನೋಡುವ ಬಗೆಯೊಂದನ್ನು ನಮ್ಮ ಹೊಳೆ ನಮಗೆ ಕಲಿಸಿದೆ. ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ನಸುಕಿನಲ್ಲಿ ಹೊಳೆದಂಡೆಗೆ ಕರೆದೊಯ್ದು ಬಂಡೆಯ ಮೇಲೆ ಕೂರಿಸುತ್ತಿದ್ದರು. ಮಾತಿಲ್ಲ, ಕೆಮ್ಮಿಲ್ಲ, ಬೀಡಿಯಿಲ್ಲ. ನಾಲ್ಕು ದಿನ ಹೋದರೆ ಒಂದು ದಿನ ಕಾಣುತ್ತಿದ್ದವು, ಮೂರು ದಿನ ಬರಿಗೈ. ಆ ಮೂರು ದಿನವನ್ನು ನಷ್ಟವೆಂದು ಅಪ್ಪ ಒಮ್ಮೆಯೂ ಅನ್ನಲಿಲ್ಲ. ಇದೇ ಹೊಳೆಯ ಕೆಳಹರಿವಿನಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದ್ದಾರೆ. ಕಡಲಿಗೂ ಅಂಥ ಕಾಲ ಬಂದಿದೆ. ಹೊನ್ನಾವರ ತಾಲೂಕಿನ ಅಪ್ಸರಕೊಂಡ, ಮುಗಳಿಯ ತೀರ ಮತ್ತು ಅದರ ಮುಂದಿನ ಕಡಲು ಸೇರಿ ರಾಜ್ಯದ ಮೊದಲ ಕಡಲ ವನ್ಯಧಾಮವಾಗಿ ಗುರುತಾಗಿದೆ. ಗಡಿ ಗುರುತಿಸುವುದು ಸರ್ಕಾರದ ಕೆಲಸ. ಆ ಗಡಿಯೊಳಗೆ ಎಂಜಿನ್ ಹೇಗೆ ಓಡಬೇಕೆಂಬುದು ತಮ್ಮ ಕೈಯಲ್ಲಿದೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದಿಷ್ಟು. ಡಾಲ್ಫಿನ್ ಕಂಡ ಕೂಡಲೇ ವೇಗ ತಗ್ಗಿಸಿ. ಎದುರಿನಿಂದಾಗಲಿ ಹಿಂದಿನಿಂದಾಗಲಿ ನುಗ್ಗದೆ ಪಕ್ಕದಲ್ಲಿ ದೂರ ಇಟ್ಟುಕೊಂಡು ಸಾಗಿ. ಒಂದು ಗುಂಪಿನ ಬಳಿ ಎರಡು ದೋಣಿಗಿಂತ ಹೆಚ್ಚು ಬೇಡ, ಉಳಿದವರು ಸರದಿ ಕಾಯಲಿ. ಮರಿ ಇದ್ದರೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿ. ಭೇಟಿ ಎಷ್ಟು ಹೊತ್ತು ಇರಬೇಕೆಂದು ಆ ಪ್ರಾಣಿಯೇ ತೀರ್ಮಾನಿಸಲಿ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1996ರಲ್ಲಿ ಒಪ್ಪಿದ, ತಿಮಿಂಗಿಲ ಡಾಲ್ಫಿನ್‌ಗಳನ್ನು ನೋಡುವ ನಿಯಮಗಳ ಸಾರವೂ ಇದೇ. ಆಮೆಯ ಗೂಡಿನ ಬಳಿ ಬೆಳಕು ಹಿಡಿಯಬೇಡಿ, ಮರಿಯನ್ನು ಯಾರ ಕೈಗೂ ಕೊಡಬೇಡಿ. ಪ್ರತಿ ಜೀವಕ್ಕೂ, ಮಗುವಿಗೂ, ಅಳತೆಯ ಜಾಕೆಟ್ ಇರಲಿ. ಕಡಲು, ಗಾಳಿ, ಮೀನಿನ ಬಗ್ಗೆ ತಮಗೆ ತಿಳಿದದ್ದನ್ನು ದಾರಿಯಲ್ಲಿ ನಮ್ಮ ಮಕ್ಕಳಿಗೆ ಹೇಳಿ. ತಮ್ಮ ತಂದೆಯವರ ಕಾಲದ ಕಡಲು ಹೇಗಿತ್ತೆಂದು ತಾವು ಎರಡು ಮಾತು ಆಡಿದ್ದು ಮಗಳಿಗೆ ಇನ್ನೂ ನೆನಪಿದೆ.

ಬರುವ ಜನವರಿಯಲ್ಲಿ, ನಾಲೆಗೆ ನೀರು ಬರುವ ಮೊದಲು, ನಾವು ಏಳೂ ಜನ ಮತ್ತೆ ಬರುತ್ತೇವೆ. ಈ ಸಲ ನಮಗೆ ಗ್ಯಾರಂಟಿ ಬೇಡ. ನಮ್ಮ ಕಡೆಯಿಂದಲೇ ಒಂದು ಗ್ಯಾರಂಟಿ ಕೊಡುತ್ತೇವೆ. ಡಾಲ್ಫಿನ್ ಕಾಣಲಿ, ಕಾಣದಿರಲಿ, ದೋಣಿಯ ಪೂರ್ತಿ ಬಾಡಿಗೆಯನ್ನು ಹತ್ತುವ ಮೊದಲೇ ತಮ್ಮ ಕೈಗಿಡುತ್ತೇವೆ.

ಇಂತಿ ತಮ್ಮ ವಿಧೇಯ,
ನಂದಿಗುಡಿಯ ಒಬ್ಬ ರೈತ