ಕ್ರೀಡೋದ್ಯಾನಪ್ರವೇಶ ಕಾಲಮೀಮಾಂಸೆ

ಗರ್ಭಾಧಾನ ಮೊದಲುಗೊಂಡು ಅಂತ್ಯೇಷ್ಟಿಯವರೆಗೆ ಹದಿನಾರು ಸಂಸ್ಕಾರಗಳನ್ನು ವಿಧಿಸಿ, ಒಂದೊಂದಕ್ಕೂ ಉಚಿತವಾದ ಕಾಲವನ್ನು ಗೊತ್ತುಮಾಡಿಟ್ಟ ನಮ್ಮ ಪೂರ್ವಿಕರು, ಶಿಶುವನ್ನು ಆರನೆಯ ತಿಂಗಳಲ್ಲಿ ಅನ್ನಕ್ಕೂ ಮೂರನೆಯ ವರ್ಷದಲ್ಲಿ ಕ್ಷೌರದ ಕತ್ತಿಗೂ ಐದನೆಯದರಲ್ಲಿ ಅಕ್ಷರಕ್ಕೂ ಎಂಟನೆಯದರಲ್ಲಿ ಜನಿವಾರಕ್ಕೂ ಒಪ್ಪಿಸತಕ್ಕದ್ದೆಂದು ಸಂದೇಹಕ್ಕೆ ಎಡೆಗೊಡದೆ ಹೇಳಿದ್ದರೂ, ಅದೇ ಶಿಶುವನ್ನು ಎಷ್ಟನೆಯ ವರ್ಷದಲ್ಲಿ, ಯಾವ ಮಾಸದಲ್ಲಿ, ಯಾವ ವಾರದಂದು ಥೀಮ್ ಪಾರ್ಕಿಗೆ ಕರೆದೊಯ್ಯಬೇಕೆಂಬ ವಿಷಯದಲ್ಲಿ ಮಾತ್ರ ಒಂದಕ್ಷರವನ್ನೂ ಬರೆಯದೆ ಹೋದದ್ದು ಧರ್ಮಶಾಸ್ತ್ರದ ಚರಿತ್ರೆಯಲ್ಲಿ ಕ್ಷಮಾರ್ಹವಲ್ಲದ ಲೋಪವೆಂದೇ ಹೇಳಬೇಕಾಗಿದೆ. ನಾಲ್ಕನೆಯ ತಿಂಗಳಲ್ಲಿ ಮಗುವನ್ನು ಮನೆಯಿಂದ ಹೊರಗೆ ತಂದು ಸೂರ್ಯದರ್ಶನ ಮಾಡಿಸುವ ನಿಷ್ಕ್ರಮಣವೆಂಬ ಸಂಸ್ಕಾರವೊಂದು ಉಂಟಷ್ಟೆ. ಥೀಮ್ ಪಾರ್ಕೂ ಅದರಲ್ಲಿಯೇ ಅಂತರ್ಗತವೆಂದು ವಾದಿಸುವವರನ್ನು ನಾನು ಬಲ್ಲೆ. ಆದರೆ ನಿಷ್ಕ್ರಮಣದಲ್ಲಿ ಶಿಶುವಿಗೆ ಸೂರ್ಯನನ್ನು ಕ್ಷಣಮಾತ್ರ ತೋರಿಸಿ ಒಳಗೆ ಕರೆದುಕೊಳ್ಳುವರೇ ಹೊರತು, ಮೇ ತಿಂಗಳಿನಲ್ಲಿ ಬೆಳಗಿನ ಹನ್ನೊಂದರಿಂದ ಸಂಜೆಯ ಆರರವರೆಗೆ ಸಾಲಿನಲ್ಲಿ ನಿಲ್ಲಿಸಿ ತೋರಿಸುವುದಿಲ್ಲವಾದ್ದರಿಂದ ಆ ವಾದ ನಿಲ್ಲಲಾರದು. ಹದಿನೇಳನೆಯ ಸಂಸ್ಕಾರವೊಂದನ್ನು ಅಂಗೀಕರಿಸದೆ ಗತ್ಯಂತರವಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮೊದಲೇ ಹೇಳಬೇಕಾದುದು ಶಿಷ್ಟಾಚಾರ. ವಿಷಯ ಸ್ಪಷ್ಟವಾಗಿಯೇ ಇದೆ. ಕನ್ನಡ ಕುಟುಂಬಗಳಿಗೆ ಈ ಸಂಬಂಧವಾಗಿ ಎರಡು ಕ್ಷೇತ್ರಗಳು ಮುಖ್ಯ: ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಒಂದು, ಅಮೆರಿಕದ ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಡಿಸ್ನಿ ವರ್ಲ್ಡ್ ಇನ್ನೊಂದು. ಬೆಂಗಳೂರಿನ ಮೊಮ್ಮಗು ಮೊದಲನೆಯದಕ್ಕೂ, ನ್ಯೂಜೆರ್ಸಿಯ ಮೊಮ್ಮಗು ಎರಡನೆಯದಕ್ಕೂ ಹೋಗುವುದು ರೂಢಿಯಾದರೆ, ಅಜ್ಜ ಅಜ್ಜಿಯರು ರೇಷ್ಮೆಯಂಚಿನ ಸೀರೆ ಪಂಚೆಗಳ ಕೆಳಗೆ ಒಂದೇ ಜೊತೆ ಬಿಳಿಯ ಬೂಟುಗಳನ್ನು ಮೆಟ್ಟಿ ಎರಡನ್ನೂ ಸಂದರ್ಶಿಸಿ ಬರುವ ಉಭಯಕ್ಷೇತ್ರಯಾತ್ರಿಗಳಾಗಿದ್ದಾರೆ. ಸಂಬಂಧವೆಂದರೆ ಷಡ್ಡಕನ ಮಕ್ಕಳು ಆಗಲೇ ಹೋಗಿಬಂದಿರುವುದು. ಪ್ರಯೋಜನವನ್ನು ಮುಂದೆ ನಿರೂಪಿಸಲಾಗುವುದು. ಉಳಿದದ್ದು ಅಧಿಕಾರಿ, ಕಗ್ಗಂಟಿರುವುದು ಅಲ್ಲಿಯೇ.

ಅದಕ್ಕೆ ಮುನ್ನ ಈ ಸಂಸ್ಥೆಯ ಉತ್ಪತ್ತಿಯನ್ನು ಕುರಿತು ಒಂದು ಮಾತು. ವಾಲ್ಟ್ ಡಿಸ್ನಿ ಎಂಬ ಮಹಾಶಯನು ಲಾಸ್ ಏಂಜಲಿಸ್ ಪಟ್ಟಣದ ಗ್ರಿಫಿತ್ ಪಾರ್ಕಿನಲ್ಲಿ ತನ್ನಿಬ್ಬರು ಹೆಣ್ಣುಮಕ್ಕಳನ್ನು ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದಾಗ, ಮಕ್ಕಳೂ ತಂದೆತಾಯಿಗಳೂ ಒಟ್ಟಿಗೆ ಆಡಬಹುದಾದ ತಾಣವೊಂದು ಏಕಿರಬಾರದು ಎಂಬ ಯೋಚನೆ ತನಗೆ ಹೊಳೆಯಿತೆಂದು ತಾನೇ ಹೇಳಿಕೊಂಡಿದ್ದಾನೆ. ಅದರ ಫಲವೇ 1955ರ ಜುಲೈ 17ರಂದು ಆರಂಭವಾದ ಡಿಸ್ನಿಲ್ಯಾಂಡ್. ವಾಚಕರು ಇಲ್ಲಿ ಗಮನಿಸಬೇಕಾದ ಅಂಶವಿಷ್ಟೆ: ಕುದುರೆಯ ಮೇಲಿದ್ದ ಮಕ್ಕಳು ಯಾವ ಕೊರತೆಯನ್ನೂ ಹೇಳಿಕೊಂಡಂತೆ ಕಾಣುವುದಿಲ್ಲ, ಬೇಸರ ಬಂದದ್ದು ಬೆಂಚಿನ ಮೇಲಿದ್ದ ತಂದೆಗೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಕ್ಕಳನ್ನು ಹೆಗಲ ಮೇಲೆ ಹೊತ್ತೊಯ್ದು, ರಂಕಲರಾಟೆಯಲ್ಲಿ ಕೂರಿಸಿ, ತಾವು ಕೆಳಗೆ ನಿಂತು ಅದೇ ಕಡಲೆಕಾಯಿಯನ್ನು ತಿಂದ ನಮ್ಮ ತಂದೆಯಂದಿರಿಗೆ ಅಂಥ ಯೋಚನೆ ಏಕೆ ಬರಲಿಲ್ಲವೆಂಬುದು ಪ್ರತ್ಯೇಕ ಪ್ರಬಂಧಕ್ಕೆ ವಸ್ತು. ಕೂರಲು ಬೆಂಚು ಇರಲಿಲ್ಲವೆಂಬುದು ನನ್ನ ಊಹೆ.

ಇನ್ನು ಅಧಿಕಾರಿ. ಯಾರು ಮಗು? ಈ ಪ್ರಶ್ನೆಗೆ ಉತ್ತರ ಪ್ರಮಾಣದಿಂದ ಪ್ರಮಾಣಕ್ಕೆ ಭಿನ್ನವಾಗಿರುವುದು ವಿದ್ವಾಂಸರಿಗೆ ತಲೆನೋವಿನ ಸಂಗತಿಯಾಗಿದೆ. ವಿಮಾನದವರ ಮತದಲ್ಲಿ ಎರಡು ವರ್ಷ ತುಂಬುವವರೆಗೆ ಮಾತ್ರ ಅದು ತಾಯಿಯ ಮಡಿಲಲ್ಲಿ ಕೂರತಕ್ಕ ಶಿಶು. ಫ್ಲಾರಿಡಾದ ದ್ವಾರಪಾಲಕರು ಮೂರರವರೆಗೆ ಶುಲ್ಕವಿಲ್ಲದೆ ಬಿಡುತ್ತಾರೆ. ಭಾರತೀಯ ರೈಲ್ವೆ ಉದಾರಬುದ್ಧಿಯಿಂದ ಐದರವರೆಗೆ ಸಹಿಸಿಕೊಳ್ಳುತ್ತದೆ. ಬಿಡದಿಯ ಪಂಥವಾದರೋ ಕಾಲವೆಂಬ ಪದಾರ್ಥವನ್ನೇ ನಿರಾಕರಿಸಿ, ಬಾಲ್ಯವನ್ನು ಕೇವಲ ದೈರ್ಘ್ಯವೆಂದು ಪರಿಗಣಿಸುತ್ತದೆ: 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಟಿಕೆಟ್ಟಿಲ್ಲ, ಅಲ್ಲಿಂದ 140ರವರೆಗೆ ಮಗು, ಅದರ ಮೇಲೆ ಪ್ರೌಢ. ಲಕ್ಷಣವೊಂದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳು ಇರಬಾರದೆಂದು ತಾರ್ಕಿಕರು ಹೇಳುತ್ತಾರೆ. ಬಿಡದಿಯ ಸೂತ್ರವನ್ನು ಅಕ್ಷರಶಃ ಹಿಡಿದರೆ, ಐದನೆಯ ತರಗತಿಯಲ್ಲಿಯೇ ತಾಳೆಯ ಮರವಾದ ಹುಡುಗನು ಬಾಲ್ಯದಿಂದ ಹೊರದೂಡಲ್ಪಡುವುದರಿಂದ ಅವ್ಯಾಪ್ತಿಯೂ, ಬೆನ್ನು ಬಾಗಿ ಕುಳ್ಳಗಾದ ಅಜ್ಜಿಯು ಬಾಲೆಯರ ಗಣಕ್ಕೆ ಸೇರಿಬಿಡುವುದರಿಂದ ಅತಿವ್ಯಾಪ್ತಿಯೂ ಒಟ್ಟಿಗೇ ಬಂದೊದಗುತ್ತವೆ. ಅಜ್ಜಿಯ ವಿಷಯದಲ್ಲಿ ಮಾತ್ರ ಅದು ದೋಷವೇ ಅಲ್ಲ, ಅಲೆಗಳ ಕೊಳದಲ್ಲಿ ಆಕೆಯನ್ನು ನೋಡಿದವರು ಸೂತ್ರವನ್ನೇ ಸಮರ್ಥಿಸುವರೆಂದು ಒಂದು ಉಪಪಕ್ಷವುಂಟು.

ಈ ದೈರ್ಘ್ಯವಾದದಿಂದ ಗೃಹಸ್ಥರ ನಡವಳಿಕೆಯಲ್ಲಿ ಉಂಟಾಗಿರುವ ವಿಪರ್ಯಾಸಗಳನ್ನು ವರ್ಣಿಸದೆ ಮುಂದೆ ಹೋಗಲಾಗದು. ವರ್ಷವೆಲ್ಲ ನೆಂಟರೆದುರಿಗೆ ಮಗುವನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯ ಮೇಲಿನ ಪೆನ್ಸಿಲಿನ ಗೆರೆಗಳನ್ನು ಸಾಕ್ಷಿಗೆ ಕರೆದು, ಇದು ವಯಸ್ಸಿಗೆ ಮೀರಿದ ಎತ್ತರವೆಂದೂ ನಮ್ಮ ತಾತನವರ ಕಡೆಯ ಅಂಶವೆಂದೂ ಹೆಮ್ಮೆಪಡುವ ತಂದೆಯು, ಟಿಕೆಟ್ಟಿನ ಕಿಟಕಿಯ ಮುಂದೆ ಬಂದೊಡನೆ ಅದೇ ಮಗುವಿನ ಚಪ್ಪಲಿಯನ್ನು ಕಳಚಿಸಿ, ‘ಸ್ವಲ್ಪ ಬಗ್ಗು ಪುಟ್ಟ’ ಎಂದು ಕಿವಿಯಲ್ಲಿ ಉಪದೇಶಿಸುತ್ತಾನೆ. ಒಳಗೆ ಪ್ರವೇಶ ದೊರೆತು ರೋಲರ್ ಕೋಸ್ಟರಿನ ಬಾಗಿಲಲ್ಲಿ ಅಳತೆಗೋಲು ಎದುರಾದಾಗಲಾದರೋ, ದಪ್ಪ ಅಟ್ಟೆಯ ಬೂಟನ್ನು ತೊಡಿಸಿ, ಕೂದಲನ್ನು ಮೇಲಕ್ಕೆ ಬಾಚಿ, ‘ಎದೆ ಉಬ್ಬಿಸಿ ನಿಂತ್ಕೋ’ ಎನ್ನುತ್ತಾನೆ. ಒಂದೇ ಬೆಳಗಿನಲ್ಲಿ ಸಂಕೋಚ ವಿಕಾಸಗಳೆರಡನ್ನೂ ಅಭ್ಯಾಸಮಾಡುವ ಇಂಥ ಶಿಶುಗಳಿಗೆ ಮುಂದೆ ಸರ್ಕಾರಿ ಕಚೇರಿಗಳಲ್ಲಿ ಉಜ್ವಲ ಭವಿಷ್ಯವಿದೆ.

ಕಾಲವನ್ನೂ ದೈರ್ಘ್ಯವನ್ನೂ ಸಮನ್ವಯಗೊಳಿಸುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕವು ಉಪಕಾರಿ. ಅದರ ಪ್ರಕಾರ ಎರಡು ವರ್ಷದ ಮಗುವಿನ ಮಧ್ಯಮ ಎತ್ತರ 86 ಸೆಂಟಿಮೀಟರಿನ ಆಸುಪಾಸು, ಮೂರರಲ್ಲಿ 95ರಿಂದ 96, ಐದರಲ್ಲಿ ಸುಮಾರು 110. ಬಿಡದಿಯಲ್ಲಿ ಶುಲ್ಕಮುಕ್ತಿ ಮುಗಿಯುವುದು ಎರಡರ ಹೊತ್ತಿಗೇ ಎಂಬುದು ಇದರಿಂದ ಸಿದ್ಧ. ಫ್ಲಾರಿಡಾದ ಸ್ಪೇಸ್ ಮೌಂಟನ್ ಎಂಬ ಕತ್ತಲೆಯ ರೋಲರ್ ಕೋಸ್ಟರನ್ನು ಏರಲು 44 ಅಂಗುಲ, ಎಂದರೆ 112 ಸೆಂಟಿಮೀಟರು ಬೇಕು. ಮಧ್ಯಮ ಪ್ರಮಾಣದ ಮಗುವಿಗೆ ಅದು ಒದಗುವುದು ಐದು ವರ್ಷವೂ ಕೆಲವು ತಿಂಗಳೂ ಕಳೆದ ಮೇಲೆ. ಶುಲ್ಕ ಕೊಡಬೇಕಾದ ವಯಸ್ಸು ಮೂರು, ಏರಬಹುದಾದ ವಯಸ್ಸು ಐದಕ್ಕೆ ಮೇಲೆ. ನಡುವಣ ಎರಡು ವರ್ಷಗಳನ್ನು ನಾನು ಸಂಧಿಕಾಲವೆಂದು ಕರೆಯುತ್ತೇನೆ. ಸಂಧಿಕಾಲದ ಮಗುವು ಹಣವನ್ನು ತೆತ್ತು, ಸಾಲಿನಲ್ಲಿ ನಿಂತು, ಅಳತೆಗೋಲಿನಿಂದ ತಿರಸ್ಕೃತವಾಗಿ, ನೆಲದ ಮೇಲೆ ಉರುಳಾಡುತ್ತದೆ. ಶಾಂತಿಮಂತ್ರಗಳು ಯಾವುವೂ ಆಗ ಫಲಿಸವು.

ಇಲ್ಲಿ ಪೂರ್ವಪಕ್ಷವು ತಲೆಯೆತ್ತುತ್ತದೆ. ಮನೆಯ ಯಜಮಾನಿಯ ಬಾಯಿಂದ ಅದು ಹೊರಡುವ ರೂಪವಿದು: ‘ಏನ್ರೀ, ಮೂರು ತುಂಬೋಕೆ ಮುಂಚೆ ಹೋದ್ರೆ ಟಿಕೆಟ್ಟೇ ಇಲ್ವಂತೆ!’ ಇದಕ್ಕೆ ಸ್ಮರಣವಾದಿಗಳು ಕೊಡುವ ಉತ್ತರ ಪ್ರಸಿದ್ಧವಾಗಿದೆ. ಮನುಷ್ಯನಿಗೆ ದೊಡ್ಡವನಾದ ಮೇಲೆ ನೆನಪಿರುವ ಅತ್ಯಂತ ಹಳೆಯ ಸಂಗತಿ ಸಾಮಾನ್ಯವಾಗಿ ಮೂರು ಮೂರೂವರೆ ವರ್ಷದ್ದು. ಅದಕ್ಕೆ ಹಿಂದಿನದೆಲ್ಲ ಅಳಿಸಿಹೋಗುವುದೆಂದು ಮನಶ್ಶಾಸ್ತ್ರಜ್ಞರು ಒಪ್ಪಿರುವರಾದ್ದರಿಂದ, ಎರಡು ವರ್ಷದ ಮಗುವಿಗೆ ಮಿಕಿ ಮೌಸನ್ನು ತೋರಿಸುವುದಕ್ಕೂ ಅಡುಗೆಮನೆಯ ಇಲಿಯನ್ನು ತೋರಿಸುವುದಕ್ಕೂ ಪರಿಣಾಮದಲ್ಲಿ ಭೇದವಿಲ್ಲ ಎನ್ನುವರು. ಆಳೆತ್ತರದ ಇಲಿಯೊಂದು ನಗುತ್ತ ಅಪ್ಪಿಕೊಳ್ಳಬಂದಾಗ ಎರಡು ವರ್ಷದವರು ಕಿರಿಚಿ ಓಡುವುದನ್ನು ನೋಡಿದರೆ, ಅಡುಗೆಮನೆಯದೇ ಮೇಲು ಎಂದೂ ತೋರಬಹುದು.

ಆದರೆ ಸ್ಮರಣವಾದವು ಅತಿಪ್ರಸಂಗಕ್ಕೆ ಈಡಾಗುತ್ತದೆ. ನೆನಪಿರದ ಕಾರ್ಯ ವ್ಯರ್ಥವೆಂದಾದರೆ, ಛತ್ರ ಹಿಡಿದು ಮುನ್ನೂರು ಜನರಿಗೆ ಊಟ ಹಾಕಿಸುವ ಮೊದಲ ವರ್ಷದ ಹುಟ್ಟುಹಬ್ಬದ ಗತಿಯೇನು? ತಿರುಪತಿಯಲ್ಲಿ ಅಳುಅಳುತ್ತ ಕೊಟ್ಟ ಮುಡಿಯ ಗತಿಯೇನು? ಇವೆಲ್ಲವನ್ನೂ ಮಗುವು ಮರೆತೇ ಮರೆಯುತ್ತದೆ, ನಾವು ಮಾಡಿಯೇ ಮಾಡುತ್ತೇವೆ. ಈ ತೊಡಕನ್ನು ಬಿಡಿಸಲು ಪೂರ್ವಮೀಮಾಂಸೆಯ ಮೊರೆಹೊಕ್ಕರೆ ದಾರಿ ಕಾಣುತ್ತದೆ. ಯಾಗದಲ್ಲಿ ಹೋಮಮಾಡಿ, ಹೊಗೆ ಕುಡಿದು, ಬೆವರು ಸುರಿಸುವವನು ಋತ್ವಿಜನೇ ಆದರೂ, ಸ್ವರ್ಗಾದಿ ಫಲವು ಸಲ್ಲುವುದು ದ್ರವ್ಯವನ್ನು ವ್ಯಯಮಾಡಿದ ಯಜಮಾನನಿಗೆ, ಋತ್ವಿಜನಿಗೆ ದಕ್ಷಿಣೆಯಷ್ಟೆ. ಇದೇ ನ್ಯಾಯವನ್ನು ಇಲ್ಲಿಗೆ ತಂದರೆ, ತಂದೆತಾಯಿಗಳೇ ಯಜಮಾನರು, ಮಗುವೇ ಋತ್ವಿಜ, ಐಸ್‌ಕ್ರೀಮೇ ದಕ್ಷಿಣೆ. ಗೋಡೆಗೆ ತೂಗುಹಾಕಿದ ಭಾವಚಿತ್ರವೂ, ವಾಟ್ಸಾಪಿನಲ್ಲಿ ಬಂಧುವರ್ಗವು ಒತ್ತುವ ಹೆಬ್ಬೆರಳುಗಳೂ ಫಲ. ಮೊದಲೇ ಮಾತುಕೊಟ್ಟಂತೆ, ಪ್ರಯೋಜನವೆಂಬ ಅನುಬಂಧವು ಇಲ್ಲಿಗೆ ನಿರೂಪಿತವಾಯಿತು.

ಇನ್ನೊಂದು ಪಕ್ಷ ಮುಂದೂಡುವವರದು: ‘ಚಿಕ್ಕದೂ ಒಂದಿಷ್ಟು ದೊಡ್ಡದಾಗಲಿ, ಎಲ್ಲರೂ ಒಟ್ಟಿಗೆ ಹೋಗೋಣ.’ ಏಳು ವರ್ಷದ ಅಕ್ಕನೂ ಎರಡು ವರ್ಷದ ತಮ್ಮನೂ ಇರುವ ಮನೆಯಲ್ಲಿ ಇದು ಸಾತ್ತ್ವಿಕವಾದ ಮಾತಾಗಿ ಕೇಳಿಸುತ್ತದೆ. ಆದರೆ ತಮ್ಮನಿಗೆ ಯೋಗ್ಯತೆ ಬರುವ ವೇಳೆಗೆ ಅಕ್ಕನು ಮಿಡ್ಲ್ ಸ್ಕೂಲಿನ ಹೊಸ್ತಿಲಲ್ಲಿ ನಿಂತು, ತನ್ನ ಗೆಳತಿಯರೊಡನೆಯಲ್ಲದೆ ಬರುವುದಿಲ್ಲವೆಂದು ಘೋಷಿಸಿರುತ್ತಾಳೆ. ಅನಂತರ ಎಸ್ಸೆಸ್ಸೆಲ್ಸಿ, ಅದರ ಬೆನ್ನಿಗೆ ಪಿಯುಸಿ, ಸಿಇಟಿ. ಫ್ಲಾರಿಡಾದಲ್ಲಿ ತಂದೆಯು ಕಿರಿಯದನ್ನು ಎತ್ತಿಕೊಂಡು ಹೊರಗಿರುವಾಗ ತಾಯಿಯು ಹಿರಿಯದರೊಡನೆ ಏರಿ, ಆಮೇಲೆ ಸಾಲಿನಲ್ಲಿ ಮತ್ತೆ ಮೊದಲಿಂದ ನಿಲ್ಲದೆ ಪಾತ್ರ ಬದಲಿಸಿಕೊಳ್ಳುವ ಏರ್ಪಾಡೊಂದಿದೆ. ಅವಿಭಕ್ತ ಕುಟುಂಬದಲ್ಲಿ ಇದಕ್ಕೆ ಏರ್ಪಾಡೇ ಬೇಡ, ಅತ್ತೆ ಇದ್ದಾರೆ.

ಮಾಸನಿರ್ಣಯದಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಏಪ್ರಿಲ್ ಮೇ ತಿಂಗಳುಗಳೂ ದಸರೆಯ ರಜೆಯೂ ಕರ್ನಾಟಕದ ಸಮಸ್ತ ಶಾಲೆಗಳಿಗೆ ಸಮಾನವಾದ್ದರಿಂದ ಸಮಸ್ತ ಮಕ್ಕಳೂ ಅಲ್ಲಿರುತ್ತಾರೆ. ಮಾರ್ಚಿಯು ಪರೀಕ್ಷೆಗೆ ಮುಡಿಪು. ಜುಲೈ ತಿಂಗಳ ಸೋನೆಮಳೆಯೇ ಬಿಡದಿಗೆ ಪ್ರಶಸ್ತ, ಏಕೆಂದರೆ ನೆನೆಯಲೆಂದೇ ಹಣ ಕೊಟ್ಟವನಿಗೆ ಮಳೆಯ ಭಯ ಇರಲಾಗದು. ಫ್ಲಾರಿಡಾದ ನ್ಯಾಯ ಬೇರೆ: ಅಲ್ಲಿ ಬೇಸಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚು ಮೇಳೈಸಿ, ಬಯಲಿನ ಯಂತ್ರಗಳನ್ನು ನಿಲ್ಲಿಸಿಬಿಡುವುದುಂಟು, ಆದರೆ ಊರಿನಿಂದ ಆರು ತಿಂಗಳಿಗೆಂದು ಹೋದ ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ರಜೆಯೂ ಕೂಡಿಬರುವುದು ಆ ಬೇಸಗೆಯಲ್ಲಿಯೇ. ವಾರಗಳಲ್ಲಿ ಮಂಗಳವಾರ ಉತ್ತಮ, ಜನ ಕಡಿಮೆ. ಅಂದಿನ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ನಿದ್ದೆಗೆಟ್ಟ ಮಗು ಅಳಲಾರಂಭಿಸುವುದೂ ಸರಿಯಾಗಿ ಅದೇ ಹೊತ್ತಿಗಾದ್ದರಿಂದ, ಪಂಚಾಂಗವೂ ಅನುಭವವೂ ಇಲ್ಲಿ ಏಕವಾಕ್ಯತೆಯನ್ನು ಹೊಂದಿವೆ.

ಬಿಡದಿಯ ತಟ್ಟೆ ಇಡ್ಲಿಯು ಈ ಕರ್ಮಕ್ಕೆ ಅಂಗವೋ ಪ್ರಧಾನವೋ ಎಂಬ ವಿವಾದ ಹಳೆಯದು. ಅಜ್ಜಂದಿರ ಪಕ್ಷದಲ್ಲಿ ಇಡ್ಲಿಯೇ ಪ್ರಧಾನ, ಉದ್ಯಾನವು ಅದರ ಅಂಗಮಾತ್ರ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ ಪೇಟೆಯನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ, ಈ ಪಕ್ಷದವರು ಮರೆಯದೆ ಹಳೆಯ ರಸ್ತೆಯನ್ನೇ ಹಿಡಿಯತಕ್ಕದ್ದು.

ಸಿದ್ಧಾಂತವಿದು. ಆರು ವರ್ಷ ತುಂಬುವುದಕ್ಕೆ ಮುಂಚೆ ಬೇಡ. ಆರರಿಂದ ಒಂಬತ್ತರವರೆಗೆ ಉತ್ತಮಕಾಲ. ಆರರ ಹೊತ್ತಿಗೆ ಮಗುವು 112ರ ಕೋಲನ್ನು ದಾಟಿರುತ್ತದೆ. ಕಂಡದ್ದು ನೆನಪಿನಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಿನ ನಡುಮಧ್ಯದಲ್ಲಿ ಅವಸರವಾದರೆ ಆದಮೇಲೆ ಹೇಳದೆ ಆಗುವ ಮುನ್ನವೇ ಹೇಳುವ ಶಕ್ತಿ ಅದಕ್ಕೆ ಬಂದಿರುತ್ತದೆ. ಈ ಕೊನೆಯ ಲಕ್ಷಣವಿಲ್ಲದ ಮಗು ಎಷ್ಟು ಎತ್ತರವಿದ್ದರೂ ಅಧಿಕಾರಿಯಲ್ಲ. ಮೇಲಿನ ಎಲ್ಲೆಯ ವಿಷಯದಲ್ಲಿ ಎರಡು ಕ್ಷೇತ್ರಗಳಿಗೂ ಭಿನ್ನಾಭಿಪ್ರಾಯವಿಲ್ಲ: ಫ್ಲಾರಿಡಾ ಹತ್ತನೆಯ ವರ್ಷಕ್ಕೆ ದೊಡ್ಡವರ ದರವನ್ನು ಕೇಳುತ್ತದೆ, ಬಿಡದಿಯ 140 ಸೆಂಟಿಮೀಟರನ್ನು ಮಧ್ಯಮ ಮಗುವು ಮುಟ್ಟುವುದೂ ಹತ್ತರ ಸುಮಾರಿಗೇ. ಅಪ್ಪನ ಕೈ ಹಿಡಿದು ನಡೆಯಲು ಮಗು ನಾಚುವುದೂ ಅದೇ ವಯಸ್ಸಿನಲ್ಲಿ. ಆರರೊಳಗಿನವರಿಗೆ ಊರ ಜಾತ್ರೆಯ ರಂಕಲರಾಟೆ ಸಾಕು. ಅಲ್ಲಿ ಅಳತೆಗೋಲು ಹಿಡಿದವರನ್ನು ನಾನು ಕಂಡಿಲ್ಲ.

ಈ ಗ್ರಂಥವನ್ನು ಓದುವ ಮೊದಲೇ, ಮೂರು ವರ್ಷದ ಮಗುವಿಗಾಗಿ, ಮೇ ತಿಂಗಳ ಭಾನುವಾರಕ್ಕೆ, ಹಣ ಹಿಂದಿರುಗಿಸದ ಟಿಕೆಟ್ಟನ್ನು ಕೊಂಡುಬಿಟ್ಟಿರುವ ಗೃಹಸ್ಥರಿಗೆ ಮೇಲಿನ ಯಾವ ವಿಧಿನಿಷೇಧವೂ ಅನ್ವಯಿಸುವುದಿಲ್ಲ. ಅವರು ನಿಶ್ಚಿಂತರಾಗಿ ಹೋಗಿಬರಬಹುದು. ಬದಲಿ ಚಡ್ಡಿಗಳನ್ನು ಮಾತ್ರ ಕೈಚೀಲದ ತಳದಲ್ಲಿಡದೆ ಮೇಲೆಯೇ ಇಟ್ಟುಕೊಳ್ಳತಕ್ಕದ್ದು.