ಯಾಕೋಬನ ಬ್ಯಾಳಿ ಸಾರು

ಶೇಡಬಾಳ, ಉಗಾರ, ಕಾಗವಾಡದ ಕಡೆ ಬೇಲಿಯಾಚೆಗೊಂದು ಜೈನರ ಮನೆ ಇರುವುದು ಹೊಸ ಸಂಗತಿಯೇನಲ್ಲ. ನಮ್ಮ ಬಗಲ ಮನೆಯ ಅಣ್ಣ ಮುನಿಗಳು ಊರಿಗೆ ಬಂದರೆ ಓಡಿಹೋಗಿ ಕೈ ಮುಗಿಯುತ್ತಾನೆ. ಆದರೆ ಈ ಜಗತ್ತು ಮಾಡಿದವ ಒಬ್ಬ ಇದ್ದಾನೆ ಅಂದರೆ ಮಾತ್ರ ‘ಬಿಡೋ ಮಾರಾಯಾ’ ಅಂತ ಎದ್ದೇ ಹೋಗುತ್ತಾನೆ. ಅಂಥವನು ಮೊನ್ನೆ ಎಮ್ಮೆಗೆ ಮೇವು ಹಾಕುತ್ತಾ ಕೇಳಿದ: “ತಮ್ಮಾ, ಯಾರು ಉದ್ಧಾರ ಆಗಬೇಕು ಅನ್ನೂದನ್ನ ನಿಮ್ಮ ಕ್ರೈಸ್ತರ ದೇವರು ಜಗತ್ತು ಹುಟ್ಟೂಕಿಂತ ಮೊದಲ ಠರಾವ್ ಮಾಡ್ಯಾನಂತ. ಖರೇ ಏನು?”

ಮಿರಜಿನ ಮಿಷನ್ ದವಾಖಾನಿಯಲ್ಲಿ ಯಾರನ್ನೋ ನೋಡಲು ಹೋದಾಗ ಕಿವಿಗೆ ಬಿದ್ದಿರಬೇಕು. ಜಡ್ಡು ಜೋರಾದರೆ ನಮ್ಮ ಭಾಗದವರಿಗೆ ಮಿರಜ ಹಾದಿಯೇ ಅಲ್ಲೇನ್ರಿ? ಅಥಣಿಯಿಂದ, ರಾಯಬಾಗದಿಂದ ಬುತ್ತಿ ಕಟ್ಟಿಕೊಂಡು ಬಂದು, ಗಿಡದ ನೆರಳಿಗೆ ಕೂತು, ಪಕ್ಕದಲ್ಲಿ ಕೂತವರ ಜಡ್ಡು, ಬೀಗರು, ಹೊಲ ಎಲ್ಲಾ ತಿಳಿದುಕೊಂಡೇ ಏಳುವುದು. ಆ ದವಾಖಾನಿ ಕಟ್ಟಿದ ವಾನ್ಲೆಸ್ ಸಾಹೇಬರು ಕೆನಡಾದಲ್ಲಿ ಹುಟ್ಟಿದವರು. 1889ರಲ್ಲಿ ಈ ಕಡೆ ಬಂದರು, 1894ರಲ್ಲಿ ಆಸ್ಪತ್ರೆ ಎದ್ದಿತು. ಅವರನ್ನು ಕಳಿಸಿದ್ದು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್, ಅಂದರೆ ಜಿನೀವಾದ ಕಾಲ್ವಿನ್ ಹಾಕಿದ ಹಾದಿಯವರು. ಈ ಪೂರ್ವನಿರ್ಣಯದ ಮಾತನ್ನು ಗಟ್ಟಿಯಾಗಿ ಹಿಡಿದವರೂ ಅವರೇ.

“ಎಲ್ಲಾ ಮೊದಲ ಠರಾವ್ ಆಗಿದ್ರ ಮತ್ತ ದವಾಖಾನಿ ಯಾಕ ಕಟ್ಟಿದ್ರು?” ಅಣ್ಣ ಸುಮ್ಮನೆ ಬಿಡುವ ಆಸಾಮಿಯಲ್ಲ. ಊರು ಮುಟ್ಟಿಸುತ್ತೇನೆ ಅಂದವನು ಹಾದಿಯನ್ನೂ ತಾನೇ ನೇಮಿಸಿದ್ದಾನೆ, ಆ ಹಾದಿಯೊಳಗೆ ಹೇಳುವ ಬಾಯಿ, ಹೊಲಿಗೆ ಹಾಕುವ ಕೈ ಎಲ್ಲಾ ಬಂತು ಅಂತ ಅವರು ನಂಬಿದ್ದರು ಅಂದೆ. ಅಲ್ಲದೆ ಯಾರ ಹೆಸರು ಇದೆ, ಯಾರದಿಲ್ಲ ಅಂತ ಮನುಷ್ಯರಿಗೆ ತೋರಿಸಿಲ್ಲವಲ್ಲ. ಬಾಗಿಲಿಗೆ ಬಂದ ಯಾರನ್ನು ಬೇಡ ಅನ್ನುವುದು?

ಅವನಿಗೆ ಪೂರಾ ಸಮಾಧಾನ ಆಗಲಿಲ್ಲ. ಆಗ ನಾನೂ ಕೇಳಿದೆ, ನಿಮ್ಮಲ್ಲಿ ಅಭವ್ಯ ಜೀವ ಅಂತ ಇದೆಯಲ್ಲ ಅಣ್ಣಾ, ಅದೇನು? ಎಮ್ಮೆ ಬಿಟ್ಟು ಬೇಲಿಗೇ ಬಂದ. ಭೋಜದ ಮನೆತನದ ಶಾಂತಿಸಾಗರ ಮುನಿಗಳು, ಸದಲಗಾದ ವಿದ್ಯಾಸಾಗರ ಮುನಿಗಳು ಇಬ್ಬರೂ ನಮ್ಮ ಚಿಕ್ಕೋಡಿ ಭಾಗದ ಮಣ್ಣಿನವರು. ಇಂಥ ಸೀಮೆಯಲ್ಲಿ ಪ್ರವಚನ ಕೇಳದೆ ಬೆಳೆದವರಾದರೂ ಯಾರು? ಹೆಸರುಕಾಳಿನ ದೃಷ್ಟಾಂತ ತೆಗೆದ. ಗಡಿಗೆ ತುಂಬ ಹೆಸರು ಬೇಯಲು ಇಟ್ಟರೆ ಎಲ್ಲಾ ಕಾಳೂ ಮೆತ್ತಗಾಗುತ್ತವೆ. ಒಂದು ಮಾತ್ರ ಎಷ್ಟು ಕುದಿಸಿದರೂ ಕಲ್ಲಿನ ಹಾಗೇ ಉಳಿಯುತ್ತದೆ, ಉಣ್ಣುವಾಗ ಹಲ್ಲಿಗೆ ಸಿಕ್ಕಿ ಕಟಕ್ ಅನ್ನುತ್ತದೆ. ಅಭವ್ಯ ಜೀವವೂ ಹಾಗೆ, ಎಷ್ಟು ಜನ್ಮ ತಪ ಮಾಡಿದರೂ ಮೋಕ್ಷವಿಲ್ಲ. “ಆದ್ರ ನಾ ಭವ್ಯನೋ ಅಭವ್ಯನೋ ಅಂತ ಯಾವನ ಎದಿಯೊಳಗ ಚಿಂತಿ ಹುಟ್ತದೋ, ಅಂವ ಭವ್ಯನ ಇರ್ತಾನ ಅಂತ ನಮ್ಮ ಹಿರೇರು ಅಂತಿದ್ರು.” ನನಗೆ ಮೈ ಜುಂ ಅಂತು. ‘ನಾನು ದೇವರ ಆಯ್ಕೆಯಲ್ಲಿ ಇಲ್ಲವೇನೋ’ ಅಂತ ಅಳುತ್ತಾ ಬಂದವರಿಗೆ ನಮ್ಮ ಪಾದ್ರಿಗಳು ಹೇಳುವುದೂ ಇದನ್ನೇ!

 

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕಾಯಿತು. ಅವನ ಲೆಕ್ಕದಲ್ಲಿ ಭವ್ಯ, ಅಭವ್ಯ ಅನ್ನುವುದು ಜೀವದ ಸ್ವಭಾವ, ಆರಿಸುವವರು ಯಾರೂ ಇಲ್ಲ. ನನ್ನ ಲೆಕ್ಕದಲ್ಲಿ ಇದ್ದಾನೆ. ಇದ್ದಾನಾದ್ದರಿಂದ ಅವನ ಹತ್ತಿರ ಹಟ ಹಿಡಿಯಬಹುದು, ಜಗಳಾಡಬಹುದು, ಅತ್ತು ಕೇಳಬಹುದು. ಕಾಲ್ವಿನ್ ತನ್ನ ದೊಡ್ಡ ಗ್ರಂಥದ 1559ರ ಆವೃತ್ತಿಯಲ್ಲಿ ಈ ಪೂರ್ವನಿರ್ಣಯದ ವಿಷಯ ಎತ್ತಿಕೊಳ್ಳುವುದು ಮೂರನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿ. ಅದರ ಹಿಂದಿನ ಉದ್ದನೆಯ ಅಧ್ಯಾಯ ಪೂರಾ ಪ್ರಾರ್ಥನೆಯದು. ನನಗೆ ಈ ಸರತಿ ಬಹಳ ಸೇರುತ್ತದೆ. ಮೊದಲು ಬೇಡಿಕೊಳ್ಳುವುದನ್ನು ಕಲಿ, ಆಮೇಲೆ ಇದನ್ನು ಓದು ಅಂದ ಹಾಗಿದೆ, ಹೌದಿಲ್ಲೋ?

ಕೊನೆಗೆ ಬೈಬಲಿನ ಯಾಕೋಬ, ಏಸಾವರ ಕಥೆ ಹೇಳಿದೆ. ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ಪೌಲ ಹಿಡಿದುಕೊಳ್ಳುವುದೂ ಈ ಅವಳಿ ಮಕ್ಕಳನ್ನೇ. ಇನ್ನೂ ಹುಟ್ಟಿರಲಿಲ್ಲ, ಒಳ್ಳೆಯದು ಕೆಟ್ಟದ್ದು ಏನೂ ಮಾಡಿರಲಿಲ್ಲ, ಆಗಲೇ ದೇವರು ಕಿರಿಯವನನ್ನು ಆರಿಸಿದ್ದ. ಬಗಲ ಮನೆಯ ಅಣ್ಣ ಸಿಕ್ಕಿಹಾಕಿಕೊಂಡದ್ದು ಮಾತ್ರ ಬೇಳೆಯ ಹತ್ತಿರ. ಹಸಿದು ಬಂದ ಏಸಾವ ರೊಟ್ಟಿಗೆ, ಬ್ಯಾಳಿ ಸಾರಿಗೆ ಚೊಚ್ಚಲತನದ ಹಕ್ಕನ್ನೇ ಮಾರಿದ ಅಂದಾಗ ಹೌಹಾರಿದ. “ಒಂದು ವಾಟಿ ಬ್ಯಾಳಿಗೆ ಹಿರೇ ಮಗನ ಹಕ್ಕ ಬಿಟ್ಟನಾ? ಯಾವ ಬ್ಯಾಳಿ ಅದು?” ಬಾಂದಿನ ಮೊಳ ಜಾಗಕ್ಕೂ ಅಣ್ಣತಮ್ಮಂದಿರು ಚಿಕ್ಕೋಡಿ ಕೋರ್ಟು ಹತ್ತುವ ಸೀಮೆಯಲ್ಲಿ ಇಂಥ ಕಥೆ ಗಂಟಲಲ್ಲಿ ಇಳಿಯಬೇಕಲ್ಲ. ಕೆಂಪು ಬೇಳೆ ಇದ್ದೀತು ಅಂದೆ. ಆಮೇಲೆ ಯಾಕೋಬ ಆಡಿನ ಚರ್ಮ ಕೈಗೆ ಸುತ್ತಿಕೊಂಡು ಕುರುಡ ಅಪ್ಪನಿಗೆ ಮೋಸ ಮಾಡಿದ್ದನ್ನೂ ಹೇಳಿದೆ.

“ಇಂಥಾ ಲಫಂಗನ್ನ ಆರಿಸಿದನಾ ನಿಮ್ಮ ದೇವರು?”

“ಅದನ್ನ ಹೇಳಾಕತ್ತೀನಿ ಅಣ್ಣಾ! ಛಲೋ ಮನಷ್ಯಾ ಅಂತ ಆರಿಸಿದ್ದಲ್ಲ. ನನ್ನನ್ನೂ ಹಂಗ ಆರಿಸ್ಯಾನ ಅಂತ ನಾ ನಂಬಿದ್ರ, ಯಾವ ಬಾಯಿಲೆ ಸೊಕ್ಕಿನ ಮಾತಾಡ್ಲಿ?”

ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. “ಆತು. ಮತ್ತ ಆ ಏಸಾವ?” ಇದು ಗಂಟಿನ ಪ್ರಶ್ನೆ. ಅಮೆರಿಕದ ಪ್ರೆಸ್ಬಿಟೇರಿಯನ್ನರು 1903ರಲ್ಲಿ ತಮ್ಮ ನಂಬಿಕೆಯ ಪ್ರಮಾಣಕ್ಕೆ ಒಂದು ವಿವರಣೆ ಸೇರಿಸಿ, ಕೂಸಾಗಿರುವಾಗಲೇ ತೀರಿಕೊಂಡ ಮಕ್ಕಳೆಲ್ಲಾ ದೇವರ ಆಯ್ಕೆಯೊಳಗೇ ಇದ್ದಾರೆ ಅಂತ ಸಾರಿದರು. ತಾಯಂದಿರ ಹೊಟ್ಟೆಯುರಿಗೆ ಅಷ್ಟಾದರೂ ಉತ್ತರ ಸಿಕ್ಕಿತು. ಆಯ್ಕೆಯಿಂದ ಹೊರಗುಳಿದ ದೊಡ್ಡವರ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ನೋವಿದೆ. ಹಾಗಂತಲೇ ಹೇಳಿದೆ. ಆಮೇಲೆ ಆದಿಕಾಂಡದಲ್ಲಿ ಮುಂದೆ ಏನಾಯಿತು ಅನ್ನುವುದನ್ನೂ ಹೇಳಿದೆ: ವರ್ಷಗಟ್ಟಲೆ ತಲೆತಪ್ಪಿಸಿಕೊಂಡಿದ್ದ ಯಾಕೋಬ ಹೆದರುತ್ತಾ ಊರಿಗೆ ಬರುವಾಗ, ಏಸಾವ ಎದುರಿಗೆ ಓಡಿಬಂದು, ತಮ್ಮನ ಕುತ್ತಿಗೆಗೆ ಬಿದ್ದು ಅತ್ತ.

“ಅಂದ್ರ ಏಸಾವನ ದೊಡ್ಡ ಮನಷ್ಯಾ ಆದ್ನಲ್ಲೋ ತಮ್ಮಾ!”

“ಹೌದಣ್ಣಾ,” ಅಂದೆ. “ಆ ಕಥಿ ಬರದಾಂವಗೂ ಹಂಗ ಅನ್ನಿಸಿರಬೇಕು.”