ಮೊದಲು ಕೆಳಗಿನ ಸ್ಕ್ರೂ

ಮೊದಲು ಆ ಮೋಟರನ್ನು ಕೆಳಗಿಳಿಸಿ ಮಾರಾಯ್ರೇ, ಉಳಿದ ಮಾತು ಆಮೇಲೆ. ಟ್ರೇಲರ್ ಮೇಲೆ ಹಾಗೆ ಓರೆಯಾಗಿ ಎತ್ತಿಟ್ಟರೆ ಪ್ರೊಪೆಲ್ಲರಿನ ನಡುವಿನ ಪೊಳ್ಳಿನಲ್ಲಿ ಮಳೆನೀರು ನಿಲ್ಲುತ್ತದೆ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ದಾರಿ ಅದು. ಇವತ್ತು ಮಳೆ, ನಾಳೆ ಹಿಮ, ನಾಡಿದ್ದು ಗಡ್ಡೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಅಲ್ಯೂಮಿನಿಯಮ್ಮನ್ನೇ ಸೀಳುತ್ತದೆ. ಅಕ್ಟೋಬರ್ ಬಂತು, ರಾತ್ರಿ ಸೊನ್ನೆಗೆ ಇಳಿಯಲು ಶುರುವಾಗಿದೆ. ಡಿಸೆಂಬರ್ ಹೊತ್ತಿಗೆ ಮಿನೆಸೋಟದ ನಮ್ಮ ಮಿನೆಟಾಂಕ ಕೆರೆಯೇ ಕಲ್ಲಾಗುತ್ತದೆ, ಜನವರಿಯಲ್ಲಿ ಅದರ ಮೇಲೆ ಟ್ರಕ್ ಓಡಿಸುತ್ತಾರೆ. ಅಂಥ ಊರಿನಲ್ಲಿ ದೋಣಿ ಕೊಂಡಿದ್ದೀರಿ.

ಹೆದರಿಸುತ್ತಿಲ್ಲ. ದಾವಣಗೆರೆಯಲ್ಲಿ ಬೆಳೆದವರಿಗೆ ದೋಣಿಯೇ ಹೊಸದು, ಅದಕ್ಕೆ ಚಳಿಗಾಲದ ಆರೈಕೆ ಅಂದರೆ ಇನ್ನೂ ಹೊಸದು. ಅಂಗಡಿಗೆ ಕೊಡಬಹುದು, ಒಳ್ಳೆಯ ಮೆಕ್ಯಾನಿಕ್‌ಗಳಿದ್ದಾರೆ. ಆದರೆ ಈ ತಿಂಗಳು ಎಲ್ಲರೂ ಅಲ್ಲೇ ಸಾಲು ನಿಂತಿರುತ್ತಾರೆ. ನಿಮ್ಮದು 40 ಎಚ್‌ಪಿ ಫೋರ್‌ಸ್ಟ್ರೋಕ್, ಒಂದು ಬೆಳಿಗ್ಗೆಯ ಕೆಲಸ. ದೋಣಿಯ ಹೊಟ್ಟೆಯೊಳಗೆ ಎಂಜಿನ್ ಇರುವವರ ಪಾಡು ಬೇರೆ. ಅವರು ಬ್ಲಾಕಿನ ನೀರನ್ನೆಲ್ಲ ತೆಗೆದು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಬೇಕು, ಒಂದು ಮೂಲೆ ತಪ್ಪಿದರೂ ಬ್ಲಾಕ್ ಬಿರಿಯುತ್ತದೆ. ನಿಮ್ಮದರಂತೆ ದೋಣಿಯ ಹಿಂದೆ ಹೊರಗೆ ತೂಗುವ ಔಟ್‌ಬೋರ್ಡ್ ಹಾಗಲ್ಲ. ನೆಟ್ಟಗೆ ನಿಲ್ಲಿಸಿದರೆ ತಂಪು ಮಾಡುವ ನೀರು ತಾನೇ ಇಳಿದು ಹೋಗುತ್ತದೆ. ಅದಕ್ಕೇ ಹೇಳಿದ್ದು, ಮೊದಲು ಕೆಳಗಿಳಿಸಿ ಅಂತ.

ನಮ್ಮ ಗಂಗೊಳ್ಳಿ ಕಡೆ ಚಳಿಯ ಭಯ ಇಲ್ಲ, ಉಪ್ಪಿನ ಭಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ. ದುರಸ್ತಿ, ಬಣ್ಣ, ಬಲೆ ಹೆಣೆಯುವುದು ಎಲ್ಲ ಆಗಲೇ. ಔಟ್‌ಬೋರ್ಡ್ ಇಟ್ಟವರು ಸಿಹಿನೀರಿನಲ್ಲಿ ಮೋಟರ್ ಓಡಿಸಿ ಉಪ್ಪು ತೊಳೆಯುತ್ತಾರೆ. ದುಡಿಯದ ದಿನಗಳಲ್ಲೇ ಎಂಜಿನ್ ಹೆಚ್ಚು ಕೆಡುತ್ತದೆ ಅಂತ ಕಡಲ ಬದಿಯ ಮಕ್ಕಳಿಗೂ ಗೊತ್ತು. ಇಲ್ಲಿ ಕೆರೆಯ ನೀರು ಸಿಹಿಯೇ. ಆದರೆ ಮೋಟರ್ ಮೇ ನಡುವಿನ ವಾಲೈ ಮೀನಿನ ಸೀಸನ್ ತನಕ ಸುಮ್ಮನೆ ಕೂರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೇರೆ ಎಲ್ಲ ಬಿಟ್ಟರೂ ಲೋವರ್ ಯೂನಿಟ್ಟಿನ ಗೇರ್ ಎಣ್ಣೆಯನ್ನು ಈ ತಿಂಗಳೇ ಬದಲಿಸಿ, ಅದನ್ನು ನಿಮ್ಮ ಕೈಯಾರೆ ಮಾಡಿ. ಮೋಟರಿನ ಕಾಲು ಇದೆಯಲ್ಲ, ಪ್ರೊಪೆಲ್ಲರಿನ ಮುಂದೆ ದಪ್ಪಗೆ ಉಬ್ಬಿದ ಭಾಗ, ಗೇರುಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಬೇಸಿಗೆಯೆಲ್ಲ ನೀರಿನ ಅಡಿಯಲ್ಲಿ ಇರುವ ಭಾಗ. ಸೀಲ್ ಸ್ವಲ್ಪ ಸವೆದರೂ ನೀರು ಒಳಗೆ ನುಸುಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಮೇಲಿನ ನೀರು ಹೋದೀತು, ಇದರೊಳಗಿನ ನೀರಿಗೆ ದಾರಿ ಇಲ್ಲ. ಅದು ಅಲ್ಲೇ ಹೆಪ್ಪುಗಟ್ಟಿ ಕವಚ ಒಡೆಯುತ್ತದೆ. ಏಪ್ರಿಲ್‌ನಲ್ಲಿ ಗ್ಯಾರೇಜಿನ ನೆಲದ ಮೇಲೆ ಎಣ್ಣೆ ಬಿದ್ದಿದ್ದು ನೋಡಿ ಯಾಕಪ್ಪಾ ಅಂತ ಬಗ್ಗಿ ನೋಡಿದರೆ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಆಗ ಲೋವರ್ ಯೂನಿಟ್ಟೇ ಬದಲಿಸಬೇಕಾಗಬಹುದು, ಹಳೆ ಮೋಟರಿನ ಅರ್ಧ ಬೆಲೆ ಅದಕ್ಕೇ ಹೋಗುತ್ತದೆ. ಎಣ್ಣೆ, ವಾಷರ್ ಸೇರಿ ಅದರ ಸಣ್ಣ ಪಾಲಿಗೆ ತಪ್ಪಿಸಬಹುದಾದ ಖರ್ಚು.

ಮಾಡುವುದು ಹೀಗೆ. ಮೋಟರ್ ರಾತ್ರಿಯಿಡೀ ನೆಟ್ಟಗೆ ನಿಂತಿರಲಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಕೆಳಗೊಂದು ಅಗಲ ಬಾಯಿಯ ಡಬ್ಬ ಇಟ್ಟು, ಗೇರ್‌ಕೇಸಿನ ಬದಿಯ ಎರಡು ಸ್ಕ್ರೂಗಳಲ್ಲಿ ಕೆಳಗಿನದನ್ನು ಮೊದಲು ಬಿಚ್ಚಿ. ಅಗಲವಾದ ಸ್ಕ್ರೂಡ್ರೈವರ್ ಬೇಕು, ಸಣ್ಣದಾದರೆ ತಲೆ ಸವೆದು ಹೋಗುತ್ತದೆ. ಮೊದಲು ಏನು ಬರುತ್ತದೆ ಅಂತ ಕಣ್ಣಿಟ್ಟು ನೋಡಿ. ನೀರು ನಿಂತಿದ್ದರೆ ನೀರೇ ಮೊದಲು ತೊಟ್ಟಿಕ್ಕುತ್ತದೆ. ಆಮೇಲೆ ಮೇಲಿನ ಸ್ಕ್ರೂ ಬಿಚ್ಚಿ. ಗಾಳಿ ಒಳಗೆ ಹೋಗಿ ಎಣ್ಣೆ ಧಾರೆಯಾಗಿ ಇಳಿಯುತ್ತದೆ. ಈ ಚಳಿಗೆ ನಿಧಾನ, ಇಳಿಯಲಿ ಬಿಡಿ, ಅವಸರ ಇಲ್ಲ.

ಆ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ, ಹಸಿರು ಕಂದು ಆಗಿದ್ದರೆ ಚಿಂತೆ ಇಲ್ಲ, ದುಡಿದ ಎಣ್ಣೆ ಹಾಗೇ ಇರುತ್ತದೆ. ಹಾಲು ಜಾಸ್ತಿಯಾದ ಕಾಫಿಯ ಹಾಗೆ ಮಬ್ಬಾಗಿದ್ದರೆ ನೀರು ಬೆರೆತಿದೆ ಅಂತ ಲೆಕ್ಕ. ಕೆಳಗಿನ ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ನುಣುಪಾದ ಹುಡಿ ಅಂಟಿರುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಸರಿ, ಚೂರು ಚುಚ್ಚಿದರೆ ಗೇರಿನ ಹಲ್ಲು ಹೋಗಿರಬಹುದು. ಇಡೀ ಬೇಸಿಗೆ ಒಳಗೆ ಏನಾಯಿತು ಅಂತ ತೋರಿಸುವುದು ಈ ಅರ್ಧ ಲೀಟರಿನ ಆಸುಪಾಸಿನ ಎಣ್ಣೆ. ಇದನ್ನು ನೀವೇ ನೋಡಬೇಕು ಅಂತ ನಾನು ಪಟ್ಟು ಹಿಡಿಯುವುದು ಅದಕ್ಕೇ. ವಸಂತದಲ್ಲಿ ಬದಲಿಸಿದರಾಯಿತು ಅನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮಬ್ಬು ಎಣ್ಣೆ ಈಗ ಕಂಡರೆ ಸೀಲ್ ಬದಲಿಸಿಕೊಳ್ಳಲು ಇಡೀ ಚಳಿಗಾಲ ಇದೆ, ಏಪ್ರಿಲ್‌ನಲ್ಲಿ ಕಂಡರೆ ಕವಚ ಆಗಲೇ ಒಡೆದಿರಬಹುದು.

ಹೊಸ ಎಣ್ಣೆ ಮೇಲಿನಿಂದ ಸುರಿಯಬಾರದು, ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ತೂತಿಗೆ ಕೈಪಂಪ್ ಸಿಕ್ಕಿಸಿ ಮೇಲಕ್ಕೆ ಒತ್ತಿ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದ ಎಣ್ಣೆ ಹೊರಗೆ ಬರುವ ತನಕ ಒತ್ತುತ್ತಾ ಹೋಗಿ. ಆಮೇಲೆ ಮೇಲಿನ ಸ್ಕ್ರೂ ಮೊದಲು ಹಾಕಬೇಕು. ಅದನ್ನು ಮುಚ್ಚಿದರೆ ಗಾಳಿ ಒಳಗೆ ಬರದೆ ಎಣ್ಣೆ ತಡೆದು ನಿಲ್ಲುತ್ತದೆ, ಪಂಪ್ ತೆಗೆದು ಕೆಳಗಿನದು ಹಾಕಲು ನಿಮಗೆ ಸಮಯ ಸಿಗುತ್ತದೆ. ಎರಡಕ್ಕೂ ಹೊಸ ವಾಷರ್. ಹಳೆಯದು ಚೆನ್ನಾಗಿ ಕಂಡರೂ ಒಮ್ಮೆ ಒತ್ತಿ ಚಪ್ಪಟೆಯಾದದ್ದು, ಎರಡನೇ ಸಲ ಸರಿಯಾಗಿ ಮುಚ್ಚುವುದಿಲ್ಲ.

ಅಲ್ಲೇ ಕೂತಿರುವಾಗ ಪ್ರೊಪೆಲ್ಲರನ್ನೂ ಬಿಚ್ಚಿಬಿಡಿ. ಹಿಂದಿನ ಶಾಫ್ಟಿಗೆ ಗಾಳದ ದಾರ ಸುತ್ತಿಕೊಂಡಿದೆಯಾ ನೋಡಿ. ಕೆರೆಯಲ್ಲಿ ಯಾರೋ ಕಡಿದು ಬಿಟ್ಟ ನೈಲಾನ್ ದಾರ ತಿರುಗುವ ಶಾಫ್ಟಿಗೆ ಬಿಗಿಯುತ್ತಾ ಹೋಗಿ ಸೀಲಿನ ರಬ್ಬರನ್ನೇ ಕೊಯ್ಯುತ್ತದೆ. ಗೇರ್ ಎಣ್ಣೆಗೆ ನೀರು ಬರುವುದು ಎಷ್ಟೋ ಸಲ ಇದರಿಂದಲೇ. ಶಾಫ್ಟ್ ಒರೆಸಿ ಗ್ರೀಸ್ ಹಚ್ಚಿ.

ಪ್ರೊಪೆಲ್ಲರ್ ಇಲ್ಲದಿರುವಾಗಲೇ ಎಂಜಿನ್ ಓಡಿಸುವುದು ಕ್ಷೇಮ. ನೀರು ಎಳೆಯುವ ಜಾಲರಿಗಳ ಮೇಲೆ ಎರಡು ಬದಿಗೂ ರಬ್ಬರ್ ಮಫ್ ಸಿಕ್ಕಿಸಿ ತೋಟದ ಪೈಪ್ ಜೋಡಿಸಿ. ನೀರು ಬಿಟ್ಟ ಮೇಲೆಯೇ ಸ್ಟಾರ್ಟ್, ಎಂದಿಗೂ ನೀರು ಬಿಡದೆ ಓಡಿಸಬೇಡಿ. ಒಳಗಿನ ಪಂಪಿನ ಇಂಪೆಲ್ಲರ್ ರಬ್ಬರಿನದು, ನೀರಿಲ್ಲದೆ ಕೆಲವೇ ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯಾ ನೋಡುತ್ತಾ ಇರಿ. ಟ್ಯಾಂಕಿಗೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಜರ್ ಹಾಕಿಯೇ ಓಡಿಸಬೇಕು, ಹತ್ತು ನಿಮಿಷವಾದರೆ ಮದ್ದು ಬೆರೆತ ಪೆಟ್ರೋಲ್ ಒಳಗೆಲ್ಲ ತಲುಪುತ್ತದೆ. ಅದೇ ಹತ್ತು ನಿಮಿಷದಲ್ಲಿ ಎಂಜಿನ್ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಕೂಡಲೇ ಅದನ್ನೂ ಫಿಲ್ಟರನ್ನೂ ಬದಲಿಸಿ. ಬಳಸಿದ ಎಣ್ಣೆಯಲ್ಲಿ ಆಮ್ಲ, ತೇವ ಇರುತ್ತವೆ, ಅದರಲ್ಲಿ ಬೇರಿಂಗ್‌ಗಳು ಆರು ತಿಂಗಳು ನೆನೆಯಬಾರದು.

ಪೆಟ್ರೋಲ್ ವಿಷಯ ಒಂದು ಮಾತು. ಇಲ್ಲಿನ ಬಂಕುಗಳ ಮಾಮೂಲಿ ಪೆಟ್ರೋಲಿಗೆ ನೂರಕ್ಕೆ 10 ಎಥನಾಲ್ ಸೇರಿರುತ್ತದೆ. ಎಥನಾಲ್ ತೇವ ಹೀರುತ್ತದೆ, ಹೀರಿ ಹೀರಿ ಕೊನೆಗೆ ನೀರಿನೊಂದಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ. ದೋಣಿ, ಸ್ನೋಮೊಬೈಲ್, ಹಳೆ ಕಾರುಗಳಿಗಾಗಿ ಎಥನಾಲ್ ಇಲ್ಲದ ಪ್ರೀಮಿಯಂ ಕೂಡ ಮಿನೆಸೋಟದಲ್ಲಿ ಸಿಗುತ್ತದೆ. ಸೀಸನ್ನಿನ ಕೊನೆಯ ಟ್ಯಾಂಕಿಗೆ ಅದನ್ನೇ ಹಾಕಿ, ಹೆಚ್ಚುಕಮ್ಮಿ ತುಂಬ.

ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಹೊಡೆಯಬೇಕಾ ಅಂದರೆ ನಿಮ್ಮ ಮ್ಯಾನುವಲ್ ಏನು ಹೇಳುತ್ತದೋ ಅದೇ ಸರಿ, ಕಂಪನಿಯಿಂದ ಕಂಪನಿಗೆ ಮಾತು ಬೇರೆ. ಹಳೆ ಟೂಸ್ಟ್ರೋಕಿಗಂತೂ ಬೇಕೇ ಬೇಕು. ಎದುರು ಮನೆಯ ಅಜ್ಜನ ಹತ್ತಿರ ಹಳೆ ಎವಿನ್‌ರೂಡ್ ಇದೆ, ನೋಡಿದ್ದೀರಲ್ಲ? ಓಲೆ ಎವಿನ್‌ರೂಡ್ ನಾರ್ವೆಯಲ್ಲಿ ಹುಟ್ಟಿ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದವರು, 1909ರಿಂದ ಮಿಲ್ವಾಕಿಯಲ್ಲಿ ಔಟ್‌ಬೋರ್ಡ್ ಮಾರಿದರು. ಆ ಹೆಸರಿನ ಮೋಟರ್ ತಯಾರಿ 2020ರಲ್ಲಿ ನಿಂತಿತು. ಅಜ್ಜನದು ಇವತ್ತಿಗೂ ಹಗ್ಗ ಎಳೆದರೆ ಹತ್ತುತ್ತದೆ. ಪ್ರತಿ ಅಕ್ಟೋಬರ್ ಅವರು ಅದಕ್ಕೆ ಎಣ್ಣೆ ಹೊಡೆಯುವುದನ್ನು ನಾನು ನೋಡುತ್ತೇನೆ, ನೋಡಲು ಖುಷಿ.

ಬ್ಯಾಟರಿ ಬಿಚ್ಚಿ ಪೂರ್ತಿ ಚಾರ್ಜ್ ಮಾಡಿ ಒಳಗಿಡಿ. ಖಾಲಿಯಾದ ಬ್ಯಾಟರಿ ಮೈನಸ್ 7 ಡಿಗ್ರಿಯ ಹತ್ತಿರವೇ ಹೆಪ್ಪುಗಟ್ಟುತ್ತದೆ, ತುಂಬಿದ್ದು ಇಲ್ಲಿನ ಯಾವ ಚಳಿಗೂ ಜಗ್ಗುವುದಿಲ್ಲ. ಮೀನು ಇಡುವ ಲೈವ್‌ವೆಲ್ಲಿನ ಪಂಪ್, ಪೈಪ್ ಬರಿದು ಮಾಡಿ. ದೋಣಿಯ ತಳದ ಡ್ರೇನ್ ಪ್ಲಗ್ ಹೇಗೂ ತೆಗೆದೇ ಇದೆ ಅಲ್ಲವಾ? ದಡದಲ್ಲೇ ತೆಗೆದು ನೀರು ಪೂರ್ತಿ ಬಸಿಯದೆ ದೋಣಿಯನ್ನು ರಸ್ತೆಗೆ ತರುವುದು ಈ ರಾಜ್ಯದಲ್ಲಿ ಅಪರಾಧ. ಜೀಬ್ರಾ ಮಸಲ್ ಅನ್ನುವ ಬೆರಳುಗುರಿನ ಗಾತ್ರದ ಚಿಪ್ಪಿನ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದು ಕೆರೆಯ ನೀರಿನೊಂದಿಗೆ ಇನ್ನೊಂದಕ್ಕೆ ಹೋಗಿ ಅಲ್ಲೇ ಬೀಡುಬಿಡುತ್ತವೆ. ಕೆರೆ ನಮ್ಮದಲ್ಲದಿದ್ದರೂ ಮೀನು ಹಿಡಿಯುವವರು ನಾವೇ ತಾನೆ, ಈ ಕಾನೂನನ್ನು ನಾನು ಮನಸಾರೆ ಪಾಲಿಸುತ್ತೇನೆ.

ಶನಿವಾರ ಬೆಳಿಗ್ಗೆ ಬಿಡುವಿದ್ದರೆ ನಾನೂ ಬರುತ್ತೇನೆ. ಮಫ್, ಕೈಪಂಪ್, ದೊಡ್ಡ ಸ್ಕ್ರೂಡ್ರೈವರ್ ನನ್ನ ಹತ್ತಿರ ಇವೆ. ಗೇರ್ ಎಣ್ಣೆ, ಎಂಜಿನ್ ಎಣ್ಣೆ, ಫಿಲ್ಟರ್, ವಾಷರ್ ನೀವು ತನ್ನಿ. ಮೋಟರಿನ ಬ್ರ್ಯಾಕೆಟ್ ಮೇಲೆ ಸೀರಿಯಲ್ ನಂಬರಿನ ಪಟ್ಟಿ ಇದೆ, ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಸರಿಯಾದ ಅಳತೆಯ ವಾಷರ್ ಕೊಡುತ್ತಾರೆ. ಹಳೆ ಎಣ್ಣೆಯನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿಡಿ, ಚರಂಡಿಗೆ ಬೇಡ. ನಾನು ಹೇಗೂ ನಮ್ಮದನ್ನು ಕೌಂಟಿಯ ಸಂಗ್ರಹ ಕೇಂದ್ರಕ್ಕೆ ಕೊಡಲು ಹೋಗುತ್ತೇನೆ, ನಿಮ್ಮದನ್ನೂ ಒಯ್ಯುತ್ತೇನೆ.